ಎಡಿಎಚ್‌ಡಿ ಮಾತ್ರೆಯಿಂದ ಸೋಡಿಯಂ ಇಳಿಯುತ್ತಾ? ನನ್ನದು 127 ಬಂದಿದೆ

ಒಣಗಂಟಲು
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನನಗೆ 31 ವರ್ಷ. ಹೋದ ವರ್ಷ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಇದೆ ಅಂತ ಗೊತ್ತಾಯಿತು. ನಾಲ್ಕು ತಿಂಗಳಿಂದ ಅದಕ್ಕೆ ಮಿಥೈಲ್‌ಫೆನಿಡೇಟ್ ಅನ್ನುವ ಉತ್ತೇಜಕ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಹಿಡಿದ ಕೆಲಸ ಮುಗಿಸುವುದು ಅಂದರೆ ಏನು ಅಂತ ಈಗ ಗೊತ್ತಾಗಿದೆ. ಹಾಗಾಗಿ ಮಾತ್ರೆಯ ಮೇಲೆ ನನಗೆ ದೂರಿಲ್ಲ. ಆದರೆ ಮೂರು ವಾರದಿಂದ ಒಂದು ಥರ ಮಂಕು. ತಲೆ ಭಾರ, ಆಗಾಗ ವಾಕರಿಕೆ, ನಡೆಯುವಾಗ ಕಾಲು ಎಲ್ಲೋ ಇಟ್ಟ ಹಾಗೆ. ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಅಂದುಕೊಂಡೆ. ಇವತ್ತು ರಕ್ತ ಪರೀಕ್ಷೆ ಮಾಡಿಸಿದರೆ ಸೋಡಿಯಂ 127. ಇರಬೇಕಾದ್ದು 135ರಿಂದ 145. ಡಾಕ್ಟರ್ ಫೋನಿನಲ್ಲಿ "ನಾಳೆ ಬೆಳಗ್ಗೆಯೇ ಬನ್ನಿ, ಅಲ್ಲಿಯವರೆಗೆ ನೀರು ಕಡಿಮೆ ಕುಡಿಯಿರಿ" ಅಂದರು.

ನೀರು ಕಡಿಮೆಯೇ? ಉಪ್ಪು ಕಡಿಮೆಯಾದವಳಿಗೆ ಉಪ್ಪು ಜಾಸ್ತಿ ತಿನ್ನಿ ಅನ್ನಬೇಕಲ್ವಾ? ಇದೆಲ್ಲ ಈ ಉತ್ತೇಜಕ ಮಾತ್ರೆಯಿಂದ ಆಗಿದ್ದಾ? ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ?

ಗಿರಗಿಟ್ಲೆ
ನಿಮ್ಮ ಹೆಸರಲ್ಲೇ ಅರ್ಧ ಉತ್ತರ ಇದೆ ಅನ್ಸುತ್ತೆ.

ಉಪ್ಪುಪ್ರಿಯ
ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಕಲಸಿ ದಿನಕ್ಕೆ ಮೂರು ಸಲ ಕುಡಿಯಿರಿ. ಎರಡು ದಿನದಲ್ಲಿ ಸರಿ ಹೋಗುತ್ತೆ. ಎಲ್ಲರೂ ಉಪ್ಪು ಬಿಡಿ, ಉಪ್ಪು ಬಿಡಿ ಅಂತ ಹೆದರಿಸಿ ಹೆದರಿಸಿಯೇ ಜನರಿಗೆ ಹೀಗಾಗುತ್ತಿರುವುದು.

ರಾತ್ರಿಪಾಳಿ
@ಉಪ್ಪುಪ್ರಿಯ, ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಅವರಿಗೆ ಯಾಕೆ ಇಳಿದಿದೆ ಅಂತಲೇ ಇನ್ನೂ ಗೊತ್ತಿಲ್ಲ.

@ಒಣಗಂಟಲು, ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ಮೊದಲು ಒಂದು ಮಾತು. ಇವತ್ತು ರಾತ್ರಿ ವಾಂತಿ ಶುರುವಾದರೆ, ತಲೆನೋವು ಏರುತ್ತಾ ಹೋದರೆ, ಮಾತು ತೊದಲಿದರೆ, ಎಲ್ಲಿದ್ದೀನಿ ಅಂತ ಗೊಂದಲವಾದರೆ, ತೀರಾ ತೂಕಡಿಕೆ ಬಂದರೆ ನಾಳೆವರೆಗೆ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಒಬ್ಬರಿಗೆ ಇದನ್ನು ಈಗಲೇ ಹೇಳಿಡಿ. ಗೊಂದಲ ಆದಾಗ ನಮಗೆ ಗೊಂದಲ ಆಗಿದೆ ಅಂತ ನಮಗೇ ತಿಳಿಯುವುದಿಲ್ಲ.

ಈಗ ಪ್ರಶ್ನೆ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ? ಬೇರೆ ಯಾವ ಮಾತ್ರೆ ಇದೆ?

ಒಣಗಂಟಲು
ಅಕ್ಕನಿಗೆ ಹೇಳಿದ್ದೇನೆ, ಪಕ್ಕದಲ್ಲೇ ಕೂತಿದ್ದಾಳೆ.

ನೀರು... ಮೇಜಿನ ಮೇಲೆ ಎರಡು ಲೀಟರ್ ಬಾಟಲಿ ಇದೆ. ಅದು ದಿನಕ್ಕೆ ಎರಡು ಸಲ ಖಾಲಿ ಆಗುತ್ತೆ. ಕೆಲವು ದಿನ ಮೂರು. ಮಾತ್ರೆ ತೆಗೆದುಕೊಂಡ ಮೇಲೆ ಬಾಯಿ ಹತ್ತಿ ತುರುಕಿದ ಹಾಗಾಗುತ್ತೆ. ಏನು ಮಾಡಲಿ? ನೀರು ಜಾಸ್ತಿ ಕುಡಿಯುವುದು ಒಳ್ಳೆಯದು ತಾನೇ ಅಂತ ಖುಷಿಯಲ್ಲೇ ಇದ್ದೆ.

ಬೇರೆ ಮಾತ್ರೆ ಅಂದರೆ ಆತಂಕಕ್ಕೆ ಎಸಿಟಾಲೋಪ್ರಾಮ್. ಐದು ವಾರ ಆಯಿತು. ಅದು ಉತ್ತೇಜಕ ಅಲ್ಲವಲ್ಲ, ಅದಕ್ಕೇ ಬರೆದಿರಲಿಲ್ಲ.

ಮಾತ್ರೆಡಬ್ಬಿ
ಅದನ್ನೇ ಮೊದಲು ಬರೆಯಬೇಕಿತ್ತು 😄

ನಾನು ಆರು ವರ್ಷದಿಂದ ಮಿಥೈಲ್‌ಫೆನಿಡೇಟ್ ಮೇಲೆ ಇದ್ದೇನೆ. ಹಸಿವು ಸಾಯುತ್ತೆ, ಬಾಯಿ ಒಣಗುತ್ತೆ, ಎದೆ ಡವಡವ ಅನ್ನುತ್ತೆ, ರಾತ್ರಿ ಹನ್ನೆರಡಕ್ಕೆ ಅಟ್ಟ ಸ್ವಚ್ಛ ಮಾಡಬೇಕು ಅನ್ಸುತ್ತೆ. ಸೋಡಿಯಂ ಒಂದು ದಿನವೂ ಇಳಿದಿಲ್ಲ.

ಸಂಶಯಪಿಶಾಚಿ
ನಿಮಗೆ ಆಗಿಲ್ಲ ಅಂದರೆ ಯಾರಿಗೂ ಆಗಲ್ಲ ಅಂತಲ್ಲ. ಪಾರ್ಟಿಗಳಲ್ಲಿ ನುಂಗುವ ಎಕ್ಸ್ಟಸಿ ಅನ್ನುವ ಮಾದಕ ಮಾತ್ರೆ ತೆಗೆದುಕೊಂಡವರಿಗೆ ಸೋಡಿಯಂ ಇಳಿದು ಪ್ರಾಣ ಹೋಗಿದ್ದು ಎಲ್ಲರಿಗೂ ಗೊತ್ತು. ಅದೂ ಆಂಫೆಟಮಿನ್ ಜಾತಿಯದ್ದೇ. ಎಡಿಎಚ್‌ಡಿ ಮಾತ್ರೆಗಳೂ ಅದೇ ಬಳಗ. ಹಾಗಾದರೆ ಇದೂ ಇಳಿಸಲ್ಲ ಅಂತ ಹೇಗೆ ಹೇಳುತ್ತೀರಿ?

ಹಳೇಸ್ಟೆತಸ್ಕೋಪ್
ನಿವೃತ್ತ ಫಿಜಿಶಿಯನ್ ನಾನು. ಸಂಶಯಪಿಶಾಚಿಯವರೇ, ಪ್ರಶ್ನೆ ಚೆನ್ನಾಗಿದೆ, ಆದರೆ ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿದ್ದೀರಿ. ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಸೋಡಿಯಂ ಇಳಿದಿದೆ ಅಂದರೆ ಬಹಳಷ್ಟು ಸಲ ಮೈಯಲ್ಲಿ ಉಪ್ಪು ಕಡಿಮೆಯಾಗಿದೆ ಅಂತ ಅರ್ಥ ಅಲ್ಲ. ನೀರು ಜಾಸ್ತಿಯಾಗಿದೆ ಅಂತ ಅರ್ಥ. ಲ್ಯಾಬ್ ಹೇಳುವುದು ಒಂದು ಲೀಟರಿನಲ್ಲಿ ಎಷ್ಟಿದೆ ಅನ್ನುವುದನ್ನು ಮಾತ್ರ. ಪಾಯಸಕ್ಕೆ ನೀರು ಸುರಿದರೆ ಸಕ್ಕರೆ ಎಲ್ಲೂ ಹೋಗಿಲ್ಲ, ಸಪ್ಪೆ ಆಗುತ್ತೆ ಅಷ್ಟೇ.

ಆರೋಗ್ಯವಂತರ ಕಿಡ್ನಿ ಗಂಟೆಗೆ ಸುಮಾರು 800 ಮಿಲಿಯಿಂದ ಒಂದು ಲೀಟರ್ ನೀರನ್ನು ಹೊರಗೆ ಹಾಕಬಲ್ಲದು. ಅದಕ್ಕೇ ಬರೀ ನೀರು ಕುಡಿದು ಸೋಡಿಯಂ ಇಳಿಸಿಕೊಳ್ಳುವುದು ಸುಲಭವಲ್ಲ. ನಡುವೆ ಇನ್ನೊಂದು ಅಡ್ಡ ಬರಬೇಕು. ಆ ಅಡ್ಡದ ಹೆಸರು ಎಡಿಎಚ್, ವ್ಯಾಸೋಪ್ರೆಸಿನ್ ಅಂತಲೂ ಕರೆಯುತ್ತಾರೆ (ಎಡಿಎಚ್‌ಡಿಗೂ ಇದಕ್ಕೂ ಹೆಸರಿನ ಹೋಲಿಕೆ ಅಷ್ಟೇ). ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಹಾರ್ಮೋನು. "ನೀರು ಬಿಡಬೇಡ, ಹಿಡಿದಿಟ್ಟುಕೋ" ಅಂತ ಕಿಡ್ನಿಗೆ ಹೇಳುವುದು ಅದರ ಕೆಲಸ. ಬಾಯಾರಿದಾಗ ಬರಬೇಕು, ನೀರು ಕುಡಿದ ಮೇಲೆ ನಿಲ್ಲಬೇಕು. ನಿಲ್ಲದೆ ಸುರಿಯುತ್ತಲೇ ಇದ್ದರೆ ಎಸ್‌ಐಎಡಿಎಚ್ ಅನ್ನುತ್ತೇವೆ. 1957ರಲ್ಲಿ ಇದನ್ನು ಮೊದಲು ವಿವರಿಸಿದ್ದು ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಬ್ಬರು ರೋಗಿಗಳನ್ನು ನೋಡಿ.

ಈಗ ಎಕ್ಸ್ಟಸಿ, ಅಂದರೆ ಎಂಡಿಎಂಎ. ಅದು ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕವನ್ನು ಒಮ್ಮೆಲೇ ಸುರಿಸುತ್ತೆ. ಸೆರೊಟೋನಿನ್ ಎಡಿಎಚ್ ಅನ್ನು ಎಬ್ಬಿಸುತ್ತೆ. 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪುಟ್ಟ ಅಧ್ಯಯನ ಬಂದಿತ್ತು. ಎಂಟು ಜನ ಆರೋಗ್ಯವಂತ ಗಂಡಸರಿಗೆ ಒಂದೇ ಒಂದು ಸಲ 47.5 ಮಿಲಿಗ್ರಾಂ ಕೊಟ್ಟಿದ್ದರು. ವ್ಯಾಸೋಪ್ರೆಸಿನ್ ಏರಿತು, ಸೋಡಿಯಂ ಸ್ವಲ್ಪ ಇಳಿಯಿತು. ಕುಣಿತವಿಲ್ಲ, ಸೆಕೆಯಿಲ್ಲ, ಸುಮ್ನೆ ಕೂತಿದ್ದವರಿಗೇ ಹಾಗೆ.

ಮಿಥೈಲ್‌ಫೆನಿಡೇಟ್ ಮುಖ್ಯವಾಗಿ ಮುಟ್ಟುವುದು ಡೋಪಮಿನ್ ಮತ್ತು ನಾರ್‌ಅಡ್ರಿನಾಲಿನ್ ಅನ್ನು. ಸೆರೊಟೋನಿನ್ ಅನ್ನು ಅಷ್ಟಾಗಿ ಅಲ್ಲ. ಹಾಗಾಗಿ ಬಳಗ ಒಂದೇ ಅಂದಮಾತ್ರಕ್ಕೆ ಗುಣ ಒಂದೇ ಅಲ್ಲ.

ಮತ್ತೆ ಎಸಿಟಾಲೋಪ್ರಾಮ್? ಅದು ಕೆಲಸ ಮಾಡುವುದೇ ಸೆರೊಟೋನಿನ್ ಮೇಲೆ. ಇಂಥ ಮಾತ್ರೆಗಳಿಗೆ ಎಸ್‌ಎಸ್‌ಆರ್‌ಐ ಅನ್ನುತ್ತೇವೆ, ಅವು ಸೋಡಿಯಂ ಇಳಿಸುವುದು ನಮಗೆಲ್ಲ ಹಳೇ ವಿಷಯ. ಸಾಮಾನ್ಯವಾಗಿ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲೇ. ನಿಮ್ಮದು ಐದು ವಾರ, ತೊಂದರೆ ಶುರುವಾಗಿ ಮೂರು ವಾರ. ಲೆಕ್ಕ ಹಾಕಿ.

ಗಿರಗಿಟ್ಲೆ
ಮೊದಲ ಸಲ ಇಲ್ಲಿ ಒಬ್ಬರು ಉದ್ದ ಬರೆದಿದ್ದನ್ನು ಪೂರ್ತಿ ಓದಿದೆ.

ಸಂಶಯಪಿಶಾಚಿ
ಸರ್, ಎಸ್‌ಎಸ್‌ಆರ್‌ಐ ತೊಂದರೆ ವಯಸ್ಸಾದವರಿಗೆ ಅಲ್ವಾ? ಇವರಿಗೆ 31.

ಹಳೇಸ್ಟೆತಸ್ಕೋಪ್
ವಯಸ್ಸಾದವರಿಗೆ ಜಾಸ್ತಿ, ಹೌದು. ಹೆಂಗಸರಿಗೆ, ಮೈತೂಕ ಕಡಿಮೆ ಇದ್ದವರಿಗೆ, ಬಿಪಿಗೆ ಥಯಜೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ. ಚಿಕ್ಕ ವಯಸ್ಸಿನವರು ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತಾರೆ. ಆದರೆ ದಿನಕ್ಕೆ ನಾಲ್ಕು, ಆರು ಲೀಟರ್ ಸುರಿದುಕೊಂಡರೆ ತಪ್ಪಿಸಿಕೊಳ್ಳುವ ದಾರಿ ಕಿರಿದಾಗುತ್ತೆ.

ಲ್ಯಾಬ್‌ಕೋಟು
ಎಲ್ಲರೂ ಅಪರಾಧಿ ಹುಡುಕುತ್ತಿದ್ದೀರಿ, ಅಪರಾಧ ಆಗಿದೆಯಾ ಅಂತ ಯಾರೂ ಕೇಳಲಿಲ್ಲ! ಲ್ಯಾಬಿನವನ ಕಷ್ಟ ಲ್ಯಾಬಿನವನಿಗೇ ಗೊತ್ತು. ಒಂದು ಕೈಗೆ ಗ್ಲೂಕೋಸ್ ಡ್ರಿಪ್ ಹೋಗುತ್ತಿರುವಾಗ ಅದೇ ಕೈಯಿಂದ ರಕ್ತ ತೆಗೆದರೆ ಸೋಡಿಯಂ ಸುಳ್ಳು ಸುಳ್ಳೇ ಕಡಿಮೆ ಬರುತ್ತೆ. ಟ್ರೈಗ್ಲಿಸರೈಡ್ ವಿಪರೀತ ಏರಿ ರಕ್ತ ಹಾಲಿನ ಹಾಗಿದ್ದರೆ, ಮಾದರಿಯನ್ನು ತೆಳು ಮಾಡಿ ಅಳೆಯುವ ಯಂತ್ರಗಳು ಮೋಸ ಹೋಗುತ್ತವೆ. ಬ್ಲಡ್ ಗ್ಯಾಸ್ ಯಂತ್ರ ನೇರ ಅಳೆಯುತ್ತೆ, ಅದು ಮೋಸ ಹೋಗಲ್ಲ. ಸಕ್ಕರೆ ಕಾಯಿಲೆ ತೀರಾ ಏರಿದ್ದರೂ ಸೋಡಿಯಂ ಇಳಿದಂತೆ ಕಾಣುತ್ತೆ. ಅವರ ಶುಗರ್ ಎಷ್ಟಿತ್ತು?

ಒಣಗಂಟಲು
ಶುಗರ್ 88. ಡ್ರಿಪ್ ಏನೂ ಇರಲಿಲ್ಲ. ಟ್ರೈಗ್ಲಿಸರೈಡ್ ಮಾಮೂಲು.

ಲ್ಯಾಬ್‌ಕೋಟು
ಹಾಗಾದರೆ ನಿಜವಾದ 127. ನನ್ನ ಕೆಲಸ ಮುಗಿಯಿತು, ನಮಸ್ಕಾರ.

ಕಾಫಿಭಕ್ತ
ನನಗೀಗ ಭಯ ಶುರುವಾಯಿತು. ದಿನಕ್ಕೆ ಐದು ಕಾಫಿ ಕುಡಿಯುತ್ತೇನೆ. ಕೆಫೀನ್ ಕೂಡ ಉತ್ತೇಜಕವೇ ಅಲ್ವಾ?

ಮಾತ್ರೆಡಬ್ಬಿ
ಉತ್ತೇಜಕವೇ. ಆದರೆ ಕೆಫೀನ್ ಮಾಡುವುದು ಸ್ವಲ್ಪ ಮೂತ್ರ ಜಾಸ್ತಿ ಮಾಡಿಸುವುದು, ಅದೂ ದಿನಾ ಕುಡಿಯುವವರಿಗೆ ಒಗ್ಗಿಹೋಗುತ್ತೆ. ನೀರು ಹಿಡಿದಿಡುವುದು ಅದರ ಜಾಯಮಾನ ಅಲ್ಲ. ಆರಾಮಾಗಿ ಕುಡಿಯಿರಿ. ಐದು ಸ್ವಲ್ಪ ಜಾಸ್ತಿಯಾಯಿತು, ಅದು ಬೇರೆ ವಿಷಯ.

ಹಳೇಸ್ಟೆತಸ್ಕೋಪ್
ಕೆಫೀನ್ ಬಿಡಿ. ನಿಕೋಟಿನ್ ಬಗ್ಗೆ ಯಾರೂ ಕೇಳುವುದಿಲ್ಲ ನೋಡಿ. ಅದೂ ಉತ್ತೇಜಕ, ಅದು ಎಡಿಎಚ್ ಅನ್ನು ಬಿಡುಗಡೆ ಮಾಡಿಸುತ್ತೆ. ಮಾನಸಿಕ ಕಾಯಿಲೆಯಿಂದ ವಿಪರೀತ ನೀರು ಕುಡಿಯುವ ರೋಗಿಗಳಲ್ಲಿ ಬೀಡಿ, ಸಿಗರೇಟು ಜಾಸ್ತಿ ಇದ್ದವರನ್ನು ನಾವು ಹೆಚ್ಚು ಕಣ್ಣಿಟ್ಟು ನೋಡುತ್ತಿದ್ದೆವು.

ಅನಾಮಿಕ_7
ಬೇರೆ ಖಾತೆಯಿಂದ ಬರೆಯುತ್ತಿದ್ದೇನೆ, ಕಾರಣ ಓದಿದರೆ ಗೊತ್ತಾಗುತ್ತೆ.

ಕೆಲವು ವರ್ಷದ ಹಿಂದೆ ಒಂದು ರಾತ್ರಿ ಪಾರ್ಟಿಗೆ ಹೋಗಿದ್ದೆವು. ಗೆಳತಿಯೊಬ್ಬಳು ಮಾತ್ರೆ ತೆಗೆದುಕೊಂಡಳು, ಅರ್ಧವೋ ಒಂದೋ ನೆನಪಿಲ್ಲ. ಕುಣಿಯುತ್ತಾ ಇದ್ದಳು. "ನೀರು ಕುಡಿ, ನೀರು ಕುಡಿ, ಇಲ್ಲದಿದ್ದರೆ ಮೈ ಕಾದು ಬೀಳುತ್ತೀಯ" ಅಂತ ಎಲ್ಲರೂ ಹೇಳುತ್ತಲೇ ಇದ್ದೆವು. ಕೇಳಿದ್ದೆಲ್ಲ ಅದೇ ತಾನೇ. ನಾನೇ ಎದುರು ನಿಂತು ಎರಡು ಬಾಟಲಿ ಕುಡಿಸಿದ್ದೇನೆ. ಆಮೇಲೆ ತಲೆನೋವು ಅಂದಳು. ವಾಂತಿ ಮಾಡಿದಳು. ವಾಂತಿಯಾಯಿತಲ್ಲ, ನೀರಿನಂಶ ಹೋಯಿತು ಅಂತ ಮತ್ತೆ ಕುಡಿಸಿದೆವು. ಮಾತು ಅಸಂಬದ್ಧವಾಯಿತು. ನಶೆ ಅಂದುಕೊಂಡು ಮಲಗಿಸಿದೆವು. ಮಲಗಿದಲ್ಲೇ ಫಿಟ್ಸ್ ಬಂತು.

ಆಸ್ಪತ್ರೆಯಲ್ಲಿ ಏನು ತೆಗೆದುಕೊಂಡಿದ್ದಾಳೆ ಅಂತ ಕೇಳಿದರು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಹೆಚ್ಚೆಂದರೆ ಹತ್ತು ನಿಮಿಷ ಇರಬಹುದು, ಆದರೆ ಆ ಹತ್ತು ನಿಮಿಷ ಇವತ್ತಿಗೂ ನನ್ನ ಜೊತೆ ಇದೆ. ಕೊನೆಗೆ ಒಬ್ಬ ಬಾಯಿಬಿಟ್ಟ. ಸೋಡಿಯಂ 118 ಇತ್ತು. ಉಳಿದುಕೊಂಡಳು, ಈಗ ಚೆನ್ನಾಗಿದ್ದಾಳೆ. ಅವಳಿಗೆ ಆ ರಾತ್ರಿಯ ನೆನಪೇ ಇಲ್ಲ. ನನಗೆ ಬಾಟಲಿಯ ಮುಚ್ಚಳದ ಬಣ್ಣವೂ ನೆನಪಿದೆ.

ರಾತ್ರಿಪಾಳಿ
ಬರೆದಿದ್ದಕ್ಕೆ ಥ್ಯಾಂಕ್ಸ್. ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಇಂಥವರನ್ನು ಕರೆದುಕೊಂಡು ಬರುವ ಸ್ನೇಹಿತರೆಲ್ಲ ಹೇಳುವುದು ಇದನ್ನೇ, "ಮೇಡಂ, ನೀರು ಕುಡಿಸುತ್ತಲೇ ಇದ್ದೆವು".

ಇದನ್ನು ಓದುವವರಿಗೆ: ಏನು ತೆಗೆದುಕೊಂಡಿದ್ದಾರೆ ಅಂತ ನಾವು ಕೇಳುವುದು ಪೊಲೀಸರಿಗೆ ಹೇಳೋಕೆ ಅಲ್ಲ. ಯಾವ ಡ್ರಿಪ್ ಹಾಕಬೇಕು ಅಂತ ತಿಳಿಯೋಕೆ. ಸುಸ್ತಾಗಿ ಬಂದವರಿಗೆ ಅಭ್ಯಾಸಬಲದಲ್ಲಿ ಮಾಮೂಲಿ ಸಲೈನ್ ಹಾಕುತ್ತೇವೆ. ಎಡಿಎಚ್ ಜೋರಾಗಿದ್ದಾಗ ಕಿಡ್ನಿ ಆ ಸಲೈನಿನ ಉಪ್ಪನ್ನು ಹೊರಗೆ ಹಾಕಿ ನೀರನ್ನು ಮಾತ್ರ ಇಟ್ಟುಕೊಳ್ಳುತ್ತೆ. ಸೋಡಿಯಂ ಇನ್ನೂ ಕೆಳಗೆ ಹೋಗಬಹುದು. ಫಿಟ್ಸ್ ಬಂದವರಿಗೆ ಬೇಕಾದ್ದು 3 ಪರ್ಸೆಂಟ್ ಸಲೈನ್, ಗಟ್ಟಿ ಉಪ್ಪುನೀರು. 100 ಮಿಲಿ ಹತ್ತು ನಿಮಿಷದಲ್ಲಿ. ಕಣ್ಣೆದುರೇ ಎಚ್ಚರಾಗುವುದನ್ನು ನೋಡಿದ್ದೇನೆ.

ಸಂಶಯಪಿಶಾಚಿ
ಒಂದು ನಿಮಿಷ. ಎಕ್ಸ್ಟಸಿಯಿಂದ ಮೈ ಕಾದು ಸತ್ತವರೂ ಇದ್ದಾರೆ. ನೀರು ಕುಡಿಯಬೇಡಿ ಅಂತ ಹೆದರಿಸಿದರೆ ಅವರು ಸಾಯುತ್ತಾರೆ. ಇಲ್ಲಿ ಎಲ್ಲರೂ ನೀರನ್ನೇ ವಿಷ ಮಾಡಿಬಿಟ್ಟಿರಿ.

ರಾತ್ರಿಪಾಳಿ
ಯಾರೂ ನೀರು ಬಿಡಿ ಅಂತ ಹೇಳಿಲ್ಲ. ನೀವು ಹೇಳುವುದೂ ನಿಜ, ಮೈ ಕಾಯುವುದು ದೊಡ್ಡ ಅಪಾಯವೇ. ಮೊದಮೊದಲು "ನೀರು ಕುಡಿಯಿರಿ" ಅನ್ನುವ ಎಚ್ಚರಿಕೆ ಹುಟ್ಟಿದ್ದೇ ಅದಕ್ಕೆ. ಆದರೆ ಎಷ್ಟು ಕುಡಿಯಬೇಕು ಅನ್ನುವುದು ಆ ಮಾತಿನ ಜೊತೆ ಹೋಗಲಿಲ್ಲ. 1995ರಲ್ಲಿ ಇಂಗ್ಲೆಂಡಿನಲ್ಲಿ 18 ತುಂಬಿದ ಹುಡುಗಿಯೊಬ್ಬಳು ಒಂದು ಮಾತ್ರೆ ತೆಗೆದುಕೊಂಡು, ಒಂದೂವರೆ ಗಂಟೆಯೊಳಗೆ ಸುಮಾರು ಏಳು ಲೀಟರ್ ನೀರು ಕುಡಿದು ಸತ್ತಳು. ಪತ್ರಿಕೆಗಳೆಲ್ಲ ಮಾತ್ರೆಯ ವಿಷ ಅಂತ ಬರೆದವು. ಜೀವ ತೆಗೆದದ್ದು ಮೆದುಳಿನ ಊತ. ಮಾತ್ರೆ ಬಾಗಿಲು ಹಾಕಿತು, ನೀರು ಒಳಗೆ ತುಂಬಿತು.

ಆಮೇಲೆ ಅಲ್ಲಿನವರು ಅಳತೆ ಹೇಳಲು ಶುರು ಮಾಡಿದರು. ಕುಣಿಯುತ್ತಿದ್ದರೆ ಗಂಟೆಗೆ ಅರ್ಧ ಲೀಟರ್ ಮೀರಬೇಡಿ, ಸುಮ್ನೆ ಕೂತಿದ್ದರೆ ಅದರ ಅರ್ಧ, ಅದೂ ಗುಟುಕು ಗುಟುಕಾಗಿ. ಮಧ್ಯೆ ಮಧ್ಯೆ ತಂಪಾದ ಕಡೆ ಕೂತು ವಿಶ್ರಾಂತಿ. ಅಷ್ಟು ಮಾಡಿದರೆ ಸುರಕ್ಷಿತ ಅಂತ ಮಾತ್ರ ತಿಳಿಯಬೇಡಿ. ಸುರಕ್ಷಿತವಾದ ಎಕ್ಸ್ಟಸಿ ಅಂತ ಒಂದಿಲ್ಲ.

ಓಟಗಾರ_42
ಓಡುವವರಿಗೂ ಇದೇ ಕಥೆ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಜನರ ರಕ್ತ ನೋಡಿದರು. ನೂರಕ್ಕೆ 13 ಜನಕ್ಕೆ ಸೋಡಿಯಂ ಕಡಿಮೆ. ಓಟ ಮುಗಿಸುವ ಹೊತ್ತಿಗೆ ತೂಕ ಏರಿಸಿಕೊಂಡವರಿಗೇ ಅಪಾಯ ಜಾಸ್ತಿ ಇತ್ತು. ನಲವತ್ತೆರಡು ಕಿಲೋಮೀಟರ್ ಓಡಿ ತೂಕ ಏರುವುದು ಅಂದರೆ ಯೋಚಿಸಿ!

ನಾವೆಲ್ಲ ಸ್ಪೋರ್ಟ್ಸ್ ಡ್ರಿಂಕ್ ಕುಡಿದರೆ ಸಾಕು ಅಂದುಕೊಂಡಿದ್ದೆವು. ಅದರಲ್ಲಿ ಸೋಡಿಯಂ ಲೀಟರಿಗೆ ಸುಮಾರು 20 ಮಿಲಿಮೋಲ್ ಇರುತ್ತೆ. ರಕ್ತದಲ್ಲಿ 140. ಅಂದರೆ ಅದೂ ತೆಳು ಮಾಡುವುದೇ, ಸ್ವಲ್ಪ ನಿಧಾನವಾಗಿ.

ಉಪ್ಪುಪ್ರಿಯ
ಹಾಗಾದರೆ ಓಆರ್‌ಎಸ್?

ಓಟಗಾರ_42
ಅದರಲ್ಲಿ 75. ಭೇದಿಗೆ ಮಾಡಿದ್ದು ಅದು. ಬೇಕಾಬಿಟ್ಟಿ ಕುಡಿದರೆ ಅದೂ ನೀರೇ ಸ್ವಾಮಿ.

ಗಿರಗಿಟ್ಲೆ
ಉಪ್ಪುಪ್ರಿಯರಿಗೆ ಇವತ್ತು ದಿನ ಚೆನ್ನಾಗಿಲ್ಲ.

ಸಂಶಯಪಿಶಾಚಿ
ಹೆಂಗಸರಿಗೇ ಯಾಕೆ ಜಾಸ್ತಿ? ಅನಾಮಿಕರ ಗೆಳತಿ, ಇಂಗ್ಲೆಂಡಿನ ಹುಡುಗಿ, ಈಗ ಒಣಗಂಟಲು. ಕಾಕತಾಳೀಯವಾ?

ಹಳೇಸ್ಟೆತಸ್ಕೋಪ್
ಅಲ್ಲ. ಆಮ್ಸ್ಟರ್‌ಡ್ಯಾಮಿನ ಒಂದು ನೃತ್ಯಕೂಟದಲ್ಲಿ ಎಂಡಿಎಂಎ ತೆಗೆದುಕೊಂಡವರ ರಕ್ತ ಪರೀಕ್ಷೆ ಮಾಡಿದ್ದರು. ಹೆಂಗಸರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಸೋಡಿಯಂ ತುಸು ಇಳಿದಿತ್ತು, ಗಂಡಸರಲ್ಲಿ ಬಹಳ ಕಡಿಮೆ ಜನಕ್ಕೆ. ಮೈಯಲ್ಲಿರುವ ಒಟ್ಟು ನೀರು ಹೆಂಗಸರಲ್ಲಿ ಕಡಿಮೆ, ಹಾಗಾಗಿ ಅಷ್ಟೇ ನೀರು ಕುಡಿದರೂ ಹೆಚ್ಚು ತೆಳುವಾಗುತ್ತೆ. ಈಸ್ಟ್ರೋಜನ್ನಿನ ಕೈವಾಡವೂ ಇದೆ. ಊದಿಕೊಂಡ ಮೆದುಳಿನ ಜೀವಕೋಶ ನೀರನ್ನು ಹೊರಗೆ ತಳ್ಳಬೇಕಲ್ಲ, ಆ ಕೆಲಸಕ್ಕೆ ಅದು ಅಡ್ಡಿ ಮಾಡುತ್ತೆ.

ತಲೆಬುರುಡೆ ಹಿಗ್ಗುವುದಿಲ್ಲ. ಕೈಯೋ ಕಾಲೋ ಊದಿದರೆ ಊದಿತು ಅನ್ನಬಹುದು. ಮೆದುಳು ಊದಿದರೆ ಹೋಗಲು ಜಾಗವಿಲ್ಲ.

ಮಾತ್ರೆಡಬ್ಬಿ
ಹಾಗಾದರೆ 127 ಇಟ್ಟುಕೊಂಡು ಒಣಗಂಟಲು ಅವರು ಇಷ್ಟು ಚೆನ್ನಾಗಿ ಟೈಪ್ ಮಾಡುತ್ತಿರುವುದು ಹೇಗೆ?

ಹಳೇಸ್ಟೆತಸ್ಕೋಪ್
ನಿಧಾನವಾಗಿ ಇಳಿದಿದ್ದಕ್ಕೆ. ಒಂದೆರಡು ದಿನ ಸಮಯ ಸಿಕ್ಕರೆ ಮೆದುಳಿನ ಜೀವಕೋಶಗಳು ತಮ್ಮೊಳಗಿನ ಪೊಟ್ಯಾಸಿಯಂ ಮತ್ತಿತರ ವಸ್ತುಗಳನ್ನು ಹೊರಗೆ ಹಾಕಿ ಊತ ಇಳಿಸಿಕೊಳ್ಳುತ್ತವೆ. ವಾರಗಟ್ಟಲೆಯಲ್ಲಿ 125ಕ್ಕೆ ಇಳಿದವರು ನಡೆದುಕೊಂಡು ಕ್ಲಿನಿಕ್ಕಿಗೆ ಬರುತ್ತಾರೆ. ನಾಲ್ಕು ಗಂಟೆಯಲ್ಲಿ 125ಕ್ಕೆ ಇಳಿದವರನ್ನು ಎತ್ತಿಕೊಂಡು ಬರುತ್ತಾರೆ.

ಆದರೆ ಹಾಗೆ ಹೊಂದಿಕೊಂಡ ಮೆದುಳಿಗೆ ಇನ್ನೊಂದು ಅಪಾಯ. ಗಾಬರಿಯಲ್ಲಿ ಸೋಡಿಯಂ ಅನ್ನು ಸರಸರ ಏರಿಸಿದರೆ ನರಗಳ ಮೇಲಿನ ಹೊದಿಕೆ ಕಳಚಿಹೋಗಬಹುದು. ಮೊದಲು ಸುಧಾರಿಸಿದ ಹಾಗೆ ಕಂಡು, ಕೆಲವು ದಿನ ಬಿಟ್ಟು ನುಂಗುವುದು, ಮಾತು, ಕೈಕಾಲು ಎಲ್ಲ ಬೀಳುತ್ತೆ. ಅದಕ್ಕೇ 24 ಗಂಟೆಯಲ್ಲಿ 8ರಿಂದ 10 ಮಿಲಿಮೋಲ್ ಮೀರಿ ಏರಿಸುವುದಿಲ್ಲ. ಉಪ್ಪುಪ್ರಿಯರ ಚಮಚದ ಬಗ್ಗೆ ನಮ್ಮ ಸಿಸ್ಟರ್ ಸಿಟ್ಟಾಗಿದ್ದು ಸುಮ್ನೆ ಅಲ್ಲ.

ಒಣಗಂಟಲು
ಡಾಕ್ಟರ ಹತ್ತಿರ ಹೋಗಿ ಬಂದೆ. ರಾತ್ರಿ ಆರಾಮಾಗಿಯೇ ಇದ್ದೆ, ಅಕ್ಕ ಗಂಟೆಗೊಮ್ಮೆ ಎಬ್ಬಿಸಿ ಇವತ್ತು ಯಾವ ವಾರ ಅಂತ ಕೇಳಿದ್ದು ಬಿಟ್ಟರೆ.

ಬೆಳಗ್ಗೆ ಸೋಡಿಯಂ 128. ಮೂತ್ರವನ್ನೂ ಕಳಿಸಿದರು. ಮೂತ್ರದ ಆಸ್ಮೊಲಾಲಿಟಿ (ಎಷ್ಟು ಗಟ್ಟಿ ಅನ್ನುವ ಅಳತೆಯಂತೆ) 290, ಮೂತ್ರದಲ್ಲಿ ಸೋಡಿಯಂ 46. ಥೈರಾಯ್ಡ್, ಕಾರ್ಟಿಸಾಲ್ ಸರಿ ಇದೆ. ಏನು ಇದರ ಅರ್ಥ?

ಹಳೇಸ್ಟೆತಸ್ಕೋಪ್
ಬರೀ ನೀರು ಜಾಸ್ತಿ ಕುಡಿದಿದ್ದಷ್ಟೇ ಕಾರಣವಾಗಿದ್ದರೆ ಮೂತ್ರ ನೀರಿನಷ್ಟು ತೆಳುವಾಗಿ, 100ಕ್ಕಿಂತ ಕೆಳಗೆ ಇರಬೇಕಿತ್ತು. 290 ಅಂದರೆ ಇಷ್ಟು ನೀರು ಇದ್ದರೂ ಕಿಡ್ನಿ ಬಿಡುತ್ತಿಲ್ಲ. ಎಡಿಎಚ್ ನಿಂತಿಲ್ಲ. ಎಸಿಟಾಲೋಪ್ರಾಮ್ ಕಡೆ ಬೆರಳು ಹೋಗುತ್ತೆ.

ಇನ್ನೊಂದು ಕೇಳಬೇಕು. ಊಟ ಹೇಗೆ ಮಾಡುತ್ತಿದ್ದೀರಿ?

ಒಣಗಂಟಲು
ಬೆಳಗ್ಗೆ ಒಂದು ತುತ್ತು. ಮಧ್ಯಾಹ್ನ ನೆನಪೇ ಆಗಲ್ಲ. ರಾತ್ರಿ ಮಾತ್ರೆ ಇಳಿದ ಮೇಲೆ ಸ್ವಲ್ಪ. ನಾಲ್ಕು ತಿಂಗಳಲ್ಲಿ ಆರು ಕೆಜಿ ಇಳಿದಿದ್ದೇನೆ. ಇದಕ್ಕೂ ಅದಕ್ಕೂ ಏನು ಸಂಬಂಧ ಸರ್?

ಹಳೇಸ್ಟೆತಸ್ಕೋಪ್
ಇದೆ. ಕಿಡ್ನಿ ಬರೀ ನೀರನ್ನು ಹೊರಗೆ ಹಾಕಲಾರದು. ನೀರಿನ ಜೊತೆ ಏನಾದರೂ ಕರಗಿಸಿಯೇ ಕಳಿಸಬೇಕು, ಉಪ್ಪು ಅಥವಾ ಯೂರಿಯಾ. ಯೂರಿಯಾ ಬರುವುದು ನಾವು ತಿನ್ನುವ ಪ್ರೋಟೀನಿನಿಂದ. ಮೂತ್ರವನ್ನು ಎಷ್ಟೇ ತೆಳು ಮಾಡಿದರೂ ಲೀಟರಿಗೆ ಸುಮಾರು 50 ಮಿಲಿಆಸ್ಮೋಲ್ ಕರಗಿದ ವಸ್ತು ಹೋಗಲೇಬೇಕು. ಚೆನ್ನಾಗಿ ಊಟ ಮಾಡುವವರಿಗೆ ದಿನಕ್ಕೆ 600 ಸಿಗುತ್ತೆ ಅಂದುಕೊಳ್ಳಿ, 12 ಲೀಟರ್ ನೀರು ಬಿಡಬಹುದು. ಊಟ ಬಿಟ್ಟು 200ಕ್ಕೆ ಬಂದರೆ ನಾಲ್ಕೇ ಲೀಟರ್. ಅದೂ ಎಡಿಎಚ್ ಪೂರ್ತಿ ನಿಂತಿದ್ದರೆ! ನಿಮ್ಮದು ನಿಂತಿಲ್ಲ, ನೀವು ಕುಡಿಯುತ್ತಿರುವುದು ನಾಲ್ಕು, ಕೆಲವು ದಿನ ಆರು.

ಬರೀ ಬಿಯರ್ ಕುಡಿದುಕೊಂಡು ಊಟ ಬಿಟ್ಟವರಿಗೂ, ಬರೀ ಟೀ ಮತ್ತು ಬ್ರೆಡ್ಡಿನ ಮೇಲೆ ದಿನ ದೂಡುವ ಒಂಟಿ ಮುದುಕರಿಗೂ ಸೋಡಿಯಂ ಇಳಿಯುವುದು ಹೀಗೇ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಉತ್ತೇಜಕ ಮಾತ್ರೆ ನಿಮ್ಮ ಸೋಡಿಯಂ ಅನ್ನು ನೇರವಾಗಿ ಮುಟ್ಟಿಲ್ಲ ಅಂತ ನನ್ನ ಅನಿಸಿಕೆ. ಬಾಯಿ ಒಣಗಿಸಿ ನೀರು ಏರಿಸಿತು, ಹಸಿವು ಕೊಂದು ಊಟ ಇಳಿಸಿತು. ಮೂರು ತಿಂಗಳು ನಿಮ್ಮ ಕಿಡ್ನಿ ಹೇಗೋ ತೂಗಿಸಿಕೊಂಡು ಬಂತು. ಎಸಿಟಾಲೋಪ್ರಾಮ್ ಬಂದು ಬಾಗಿಲು ಹಾಕಿದ ಮೇಲೆ ಆಗಲಿಲ್ಲ.

ಉಪ್ಪುಪ್ರಿಯ
ಅಂದರೆ ಉಪ್ಪು ತಿಂದರೆ ನೀರು ಹೊರಗೆ ಹೋಗುತ್ತೆ ಅಂತಾಯಿತಲ್ಲ!! ನಾನು ಹೇಳಿದ್ದೂ ಅದನ್ನೇ!!

ಹಳೇಸ್ಟೆತಸ್ಕೋಪ್
ಅರ್ಧ ಒಪ್ಪುತ್ತೇನೆ. ಉಪ್ಪಿನ ಮಾತ್ರೆ, ಯೂರಿಯಾ ಪುಡಿ ಎರಡನ್ನೂ ವೈದ್ಯರು ಇಂಥವರಿಗೆ ಕೊಡುವುದುಂಟು. ಅಳೆದು, ರಕ್ತ ನೋಡಿಕೊಂಡು. ನೀವು ಉಪ್ಪನ್ನು ಮತ್ತೆ ಮೂರು ಲೋಟ ನೀರಿನಲ್ಲಿ ಕಲಸಿ ಕೊಟ್ಟಿರಲ್ಲ, ಅಲ್ಲಿ ಎಡವಿದಿರಿ.

ಉಪ್ಪುಪ್ರಿಯ
ಅರ್ಧ ಸಾಕು. ಇಟ್ಟುಕೊಳ್ಳುತ್ತೇನೆ.

ಸಂಶಯಪಿಶಾಚಿ
ಹಾಗಾದರೆ ಉತ್ತೇಜಕ ಮಾತ್ರೆಗೆ ಸಂಬಂಧವೇ ಇಲ್ಲ ಅಂತ ಮಾತ್ರೆಡಬ್ಬಿ ಹೇಳಿದ್ದು ತಪ್ಪು. ಸಂಬಂಧ ಇದೆ. ಹಿಂಬಾಗಿಲಿನಿಂದ ಬಂದಿದೆ ಅಷ್ಟೇ.

ಮಾತ್ರೆಡಬ್ಬಿ
ನಾನು ಹೇಳಿದ್ದು ನನಗೆ ಆಗಿಲ್ಲ ಅಂತ. ನನ್ನ ಹೆಂಡತಿ ಮಧ್ಯಾಹ್ನ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳುತ್ತಾಳೆ. ಬಹುಶಃ ಅದಕ್ಕೇ ಆಗಿಲ್ಲ.

ಬಾಯಿ ಒಣಗುವುದಕ್ಕೆ ನಾನು ಮಾಡುವುದು: ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಇಲ್ಲವೇ ಒಂದು ಐಸ್ ಚೂರು. ಸುಮ್ನೆ ಬಾಯಿ ಮುಕ್ಕಳಿಸಿ ಉಗಿದರೂ ಆಗುತ್ತೆ. ಒಣಗಿರುವುದು ಬಾಯಿ, ಹೊಟ್ಟೆ ಅಲ್ಲ. ಮತ್ತೆ ಮಾತ್ರೆ ನುಂಗುವ ಮೊದಲೇ ಹೊಟ್ಟೆ ತುಂಬ ತಿಂದುಬಿಡಿ. ಆಮೇಲೆ ಹಸಿವು ಕರೆಯಲ್ಲ, ಗಡಿಯಾರ ನೋಡಿಕೊಂಡು ತಿನ್ನಬೇಕು.

ಒಣಗಂಟಲು
ಡಾಕ್ಟರೂ ಹೆಚ್ಚು ಕಮ್ಮಿ ಇದನ್ನೇ ಹೇಳಿದರು. ಎಸಿಟಾಲೋಪ್ರಾಮ್ ನಿಲ್ಲಿಸಿದರು (ನನ್ನದು ಕಡಿಮೆ ಡೋಸ್, ನೀವೇ ನಿಲ್ಲಿಸಿಕೊಳ್ಳಬೇಡಿ). ನೀರು, ಕಾಫಿ, ಸಾರು ಎಲ್ಲ ಸೇರಿ ದಿನಕ್ಕೆ 1.2 ಲೀಟರ್. ಮೂರು ಹೊತ್ತು ಊಟ, ಪ್ರೋಟೀನ್ ಜಾಸ್ತಿ. ಮಿಥೈಲ್‌ಫೆನಿಡೇಟ್ ಮುಂದುವರಿಸಿ ಅಂದರು. ಅದು ಹೋಗುತ್ತೇನೋ ಅಂತಲೇ ನನಗೆ ಭಯ ಇದ್ದದ್ದು.

1.2 ಲೀಟರ್ ಅಂದರೆ ಎಷ್ಟು ಕಮ್ಮಿ ಗೊತ್ತಾ? ಮಧ್ಯಾಹ್ನ ಎರಡು ಗಂಟೆಗೇ ಮುಗಿದುಹೋಯಿತು.

ರಾತ್ರಿಪಾಳಿ
ಸಣ್ಣ ಲೋಟ ಇಟ್ಟುಕೊಳ್ಳಿ. ಆ ಎರಡು ಲೀಟರ್ ಬಾಟಲಿಯನ್ನು ಕಣ್ಣಿಗೆ ಕಾಣದ ಕಡೆ ಇಡಿ.

ಒಣಗಂಟಲು
ಒಂಬತ್ತು ದಿನ ಆಯಿತು. ನಾಲ್ಕನೇ ದಿನ 133, ಇವತ್ತು 137. ಮಂಕು ಹೋಗಿದೆ. ಕಾಲು ಇಟ್ಟ ಕಡೆಯೇ ಬೀಳುತ್ತಿದೆ. ಆತಂಕಕ್ಕೆ ಬೇರೆ ಮಾತ್ರೆ ನೋಡೋಣ ಅಂದಿದ್ದಾರೆ, ಶುರು ಮಾಡಿದ ಎರಡು ವಾರಕ್ಕೆ ಸೋಡಿಯಂ ನೋಡಲೇಬೇಕಂತೆ.

ಸಂಶಯಪಿಶಾಚಿ
ಸಂತೋಷ. ಆದರೆ ನೀರು, ಊಟ, ಮಾತ್ರೆ ಮೂರನ್ನೂ ಒಟ್ಟಿಗೆ ಬದಲಾಯಿಸಿದ್ದೀರಿ. ಯಾವುದರಿಂದ ಸರಿಹೋಯಿತು ಅಂತ ಹೇಗೆ ಹೇಳುವುದು?

ಒಣಗಂಟಲು
ಒಂದೊಂದಾಗಿ ಬಿಟ್ಟು ನೋಡಿ ನಿಮಗೆ ವರದಿ ಒಪ್ಪಿಸುವಷ್ಟು ಪುರುಸೊತ್ತು ನನಗಿಲ್ಲ ಸರ್ 🙂

ಗಿರಗಿಟ್ಲೆ
ಸೋಡಿಯಂ ಪೂರ್ತಿ ಸರಿಹೋಗಿದೆ ಅಂತ ಈ ಉತ್ತರದಲ್ಲೇ ಗೊತ್ತಾಗುತ್ತೆ.

ಕಾಫಿಭಕ್ತ
ಎಲ್ಲ ಸುಖಾಂತ್ಯ ಆಗುವಾಗ ನಂದೊಂದು ಪ್ರಶ್ನೆ. ಅಪ್ಪನಿಗೆ 74. ಬಿಪಿಗೆ ಕ್ಲೋರ್‌ಥಾಲಿಡೋನ್ ಬಹಳ ವರ್ಷದಿಂದ ಇದೆ. ಹೋದ ತಿಂಗಳು ಖಿನ್ನತೆಗೆ ಸರ್ಟ್ರಾಲಿನ್ ಕೊಟ್ಟಿದ್ದಾರೆ. ಈಗ ಎರಡು ಸಲ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದರು. ವಯಸ್ಸಾಯಿತು ಅಂತ ಸುಮ್ನಿದ್ದೆವು.

ರಾತ್ರಿಪಾಳಿ
ಸುಮ್ನಿರಬೇಡಿ. ಇವತ್ತೇ ಸೋಡಿಯಂ ಮಾಡಿಸಿ.

ಹಳೇಸ್ಟೆತಸ್ಕೋಪ್
ಇವತ್ತೇ. ಕ್ಲೋರ್‌ಥಾಲಿಡೋನ್ ಥಯಜೈಡ್ ಥರದ್ದು, ಸರ್ಟ್ರಾಲಿನ್ ಎಸ್‌ಎಸ್‌ಆರ್‌ಐ. ಆ ಎರಡು ಮಾತ್ರೆಯ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ.

ಕಾಫಿಭಕ್ತ
ಲ್ಯಾಬಿನವರು ಮನೆಗೇ ಬರುತ್ತಿದ್ದಾರೆ. ರಿಪೋರ್ಟ್ ಸಂಜೆ ಆರಕ್ಕೆ. ಹೊಸ ಎಳೆ ತೆರೆಯಲಾ, ಇಲ್ಲೇ ಹಾಕಲಾ?

ರಾತ್ರಿಪಾಳಿ
ಇಲ್ಲೇ ಹಾಕಿ. ನನ್ನ ಪಾಳಿ ಎಂಟಕ್ಕೆ ಶುರು, ಅದಕ್ಕೂ ಮುಂಚೆ ನೋಡುತ್ತೇನೆ.